ರಾಯಚೂರು–ಸೋಲಾಪುರ: ಎರಡು ಲೈನುಗಳ ಕಥೆ

2013ರ ಡಿಸೆಂಬರ್ 31ರವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ ಒಂದು ದ್ವೀಪದಂತಿತ್ತು. ಉಳಿದ ದೇಶದ್ದೆಲ್ಲ ಒಂದು ತಾಳ, ನಮ್ಮದೇ ಬೇರೆ ತಾಳ. ನಡುವೆ ತಾಲ್ಚೇರ್–ಕೋಲಾರದಂಥ ಕೆಲವು ಡಿ.ಸಿ. ಕೊಂಡಿಗಳಷ್ಟೇ. 2012ರ ಜುಲೈಯಲ್ಲಿ ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ಕರ್ನಾಟಕದಲ್ಲಿ ದೀಪ ಉರಿದದ್ದು ಅದರಿಂದಲೇ. ಉತ್ತರದಲ್ಲಿ ಕರೆಂಟು ಮಿಕ್ಕಾಗಲೂ ನಮಗೆ ಬೇಕಾದಷ್ಟು ಬಾರದಿದ್ದುದಕ್ಕೂ ಅದೊಂದು ಕಾರಣ.

ಈ ದ್ವೀಪಕ್ಕೆ ಸೇತುವೆಯಾದದ್ದು ರಾಯಚೂರು–ಸೋಲಾಪುರ ನಡುವಿನ 765 ಕೆ.ವಿ. ಲೈನು. ಪುಣೆಯಲ್ಲಿ ನೆಲೆಸಿದ ಕನ್ನಡಿಗನಾದ ನನಗೆ ಇದು ಊರಿಗೂ ಈ ಊರಿಗೂ ಕಟ್ಟಿದ ದಾರದಂತೆ ಕಾಣುತ್ತದೆ. ಅದರ ಇತಿಹಾಸದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇದೇ ಹಾದಿಯಲ್ಲಿ ಎರಡು ಲೈನು ಹಾಕಬೇಕಿತ್ತು. ಒಂದನ್ನು ನೇರವಾಗಿ ಸರ್ಕಾರಿ ಸಂಸ್ಥೆಯಾದ ಪವರ್‌ಗ್ರಿಡ್‌ಗೆ ವಹಿಸಿದರು. ಇನ್ನೊಂದನ್ನು ಪೈಪೋಟಿಗೆ ಬಿಟ್ಟರು. ಅದು ಖಾಸಗಿ ಕಂಪನಿಗಳ ಕೂಟವೊಂದರ ಪಾಲಾಯಿತು.

ಎರಡು ಪದ್ಧತಿಗೂ 2003ರ ವಿದ್ಯುತ್ ಕಾಯ್ದೆಯಲ್ಲೇ ಜಾಗವಿದೆ. 62ನೇ ಕಲಮಿನ ಪ್ರಕಾರ ಆಯೋಗ ಖರ್ಚನ್ನು ಪರಿಶೀಲಿಸಿ, ಲಾಭ ಸೇರಿಸಿ ದರ ಕಟ್ಟುತ್ತದೆ. 63ನೇ ಕಲಮಿನ ಪ್ರಕಾರ ಬಿಡ್ಡಿನಲ್ಲಿ ಬಂದ ದರವನ್ನೇ ಒಪ್ಪುತ್ತದೆ. 2006ರ ದರ ನೀತಿ ಬಿಡ್ಡಿಂಗ್ ಬೇಕೆಂದಿತು, ಆದರೆ ಸರ್ಕಾರಿ ಸಂಸ್ಥೆಗಳಿಗೆ ಐದು ವರ್ಷ ವಿನಾಯಿತಿ ಕೊಟ್ಟಿತು.

ಫಲವೇನು? ಪವರ್‌ಗ್ರಿಡ್ ಗಡುವಿಗೆ ಮೊದಲೇ ಮುಗಿಸಿತು. ದೇಶ ಒಂದಾದದ್ದು ಅದರ ಲೈನಿನ ಮೇಲೆ. ಬಿಡ್ಡಿನ ಲೈನು ಬಂದದ್ದು 2014ರ ಮಧ್ಯದಲ್ಲಿ. ಹಾಗಾದರೆ ಹಳಬರೇ ವಾಸಿ ಎನ್ನೋಣವೇ? ಅಷ್ಟು ಸುಲಭವಲ್ಲ. ಬಿಡ್ಡು ಗೆದ್ದವನು ಹೇಳಿದ ದರಕ್ಕೆ ಕಟ್ಟುಬಿದ್ದಿರುತ್ತಾನೆ. ಖರ್ಚು ಏರಿದರೆ ಬಹುಪಾಲು ಅವನದೇ ತಲೆನೋವು. ಹಳೆಯ ಪದ್ಧತಿಯಲ್ಲಿ ಆಯೋಗ ಒಪ್ಪಿದ ಹೆಚ್ಚುವರಿ ಖರ್ಚು ಗ್ರಾಹಕನ ಬಿಲ್ಲಿಗೆ ಬರುತ್ತದೆ. ಮೇಲಾಗಿ 2021ರವರೆಗೆ ಅಂತರರಾಜ್ಯ ಲೈನುಗಳ ಯೋಜನೆಯಲ್ಲಿ ಕೇಂದ್ರದ ಪ್ರಸರಣ ಸಂಸ್ಥೆಯಾಗಿ ಕೂತಿದ್ದದ್ದೂ ಪವರ್‌ಗ್ರಿಡ್, ಬಿಡ್ಡಿಗೆ ನಿಂತದ್ದೂ ಪವರ್‌ಗ್ರಿಡ್. ಆ ವರ್ಷವಷ್ಟೇ ಯೋಜನೆಯ ಕೆಲಸ ಬೇರೆ ಕಂಪನಿಗೆ ಹೋಯಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 2020ರ ಅಕ್ಟೋಬರ್ 12ರಂದು ಮುಂಬಯಿ ಕತ್ತಲಾಯಿತು. ನಗರಕ್ಕೆ ಹೊರಗಿನ ವಿದ್ಯುತ್ ತರುವ 1,000 ಮೆಗಾವಾಟ್‌ನ ಲೈನನ್ನು ಮಹಾರಾಷ್ಟ್ರದ ಆಯೋಗ ಬಿಡ್ಡಿಲ್ಲದೆ ಅದಾನಿ ಕಂಪನಿಗೆ ವಹಿಸಿತು. ಟಾಟಾ ಪವರ್ ಪ್ರಶ್ನಿಸಿತು. 2022ರ ನವೆಂಬರ್ 23ರಂದು ಸುಪ್ರೀಂ ಕೋರ್ಟು ಟಾಟಾದ ಮೇಲ್ಮನವಿಯನ್ನು ವಜಾ ಮಾಡಿತು: ರಾಜ್ಯದೊಳಗಿನ ಲೈನಿಗೆ ಬಿಡ್ಡಿಂಗ್ ಒಂದೇ ದಾರಿಯಲ್ಲ. ಜೊತೆಗೆ, ದರ ನಿಗದಿಗೆ ಸ್ಪಷ್ಟ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಬೇಕೆಂದು ರಾಜ್ಯ ಆಯೋಗಗಳಿಗೆ ಹೇಳಿತು.

ಅಮೆರಿಕದಲ್ಲೂ ಇದೇ ಹಗ್ಗಜಗ್ಗಾಟ. ಹಳೆಯ ಕಂಪನಿಗಳಿಗಿದ್ದ ಮೊದಲ ಹಕ್ಕನ್ನು 2011ರಲ್ಲಿ ಅಲ್ಲಿನ ಕೇಂದ್ರ ಆಯೋಗ ಬಹುಮಟ್ಟಿಗೆ ತೆಗೆದರೆ, ಟೆಕ್ಸಾಸ್ 2019ರಲ್ಲಿ ಕಾನೂನು ಮಾಡಿ ಅದನ್ನು ಹಳಬರಿಗೇ ಕಾಯ್ದಿಟ್ಟಿತು.

ಹಳೆಯ ವೆಂಡರೋ ಹೊಸ ಟೆಂಡರೋ ಎಂಬ ಚರ್ಚೆ ನಮ್ಮ ಐಟಿ ಪ್ರಾಜೆಕ್ಟುಗಳಲ್ಲೂ ದಿನನಿತ್ಯದ್ದು. ತುರ್ತಿದ್ದಾಗ ಹಳಬರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಯಾವುದು ತುರ್ತು ಎಂಬುದನ್ನು ಕೆಲಸ ಬರುವ ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಬೇಕಾದವರ ಕೆಲಸವೆಲ್ಲ ತುರ್ತೇ ಆಗುತ್ತದೆ, ಅದರ ಲೆಕ್ಕ ನಮ್ಮ ನಿಮ್ಮ ಬಿಲ್ಲಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.