ಚಿನ್ನದ ಗಣಿಯ ಸೀಮೆಯಲ್ಲಿ ದಂಡಿನ ಸ್ಪಿರಿಟ್ ಒಲೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಬಹುಮಂದಿ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಇಲ್ಲಿ ಕಾಲಿಟ್ಟುದು, 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದು ಗಣಿಯ ಯಂತ್ರಗಳನ್ನು ತಿರುಗಿಸಿದುದು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದುದು, 2001ರ ಫೆಬ್ರವರಿಯಲ್ಲಿ ಅವು ಮುಚ್ಚಿದುದು, ಇವೆಲ್ಲ ವಿದ್ಯಾರ್ಥಿಗಳಿಗೆ ವಿದಿತವೇ ಆಗಿವೆ. ಆದರೆ ಗಣಿಯ ಆಳಕ್ಕೆ ಇಳಿದ ಶಕ್ತಿಯ ವಿಷಯದಲ್ಲಿ ನಮಗಿರುವ ಕುತೂಹಲ, ಗಣಿಗಾರನ ಅನ್ನ ಬೇಯಿಸಿದ ಬೆಂಕಿಯ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಪ್ರಕೃತ ಲೇಖನದಲ್ಲಿ ಆ ಬೆಂಕಿಯ ಒಂದು ಸಣ್ಣ ಶಾಖೆಯನ್ನು ಮಾತ್ರ ವಿಚಾರಿಸಲು ಹೊರಟಿದ್ದೇವೆ.

ಈ ವಿಚಾರ ನಮಗೆ ಹೊಳೆದದ್ದು ಆಕಸ್ಮಿಕವಾಗಿ. ಸ್ವೀಡನ್ ದೇಶದ ಸೇನೆ ತನಗೆ ಹೆಚ್ಚಾಯಿತೆಂದು ಮಾರಿದ ಸ್ಪಿರಿಟ್ ಒಲೆಯೊಂದು ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೆ ಬಂದಿತು. ಗಾಳಿಮರೆಯಾಗಿ ನಿಲ್ಲುವ ಲೋಹದ ಕವಚ, ಅದರ ಮೇಲೆ ಕೂರುವ ಪಾತ್ರೆ, ಬಾಣಲೆಯಾಗಿಯೂ ಉಪಯೋಗಕ್ಕೆ ಬರುವ ಮುಚ್ಚಳ, ಒಳಗೆ ಅಂಗೈಯಲ್ಲಿ ಹಿಡಿಯಬಹುದಾದ ಹಿತ್ತಾಳೆಯ ಬಟ್ಟಲು: ಇಷ್ಟೇ ಅದರ ಸಾಮಗ್ರಿ. ಎಲ್ಲವೂ ಒಂದರೊಳಗೊಂದು ಅಡಗಿ ಸಿಪಾಯಿಯ ಚೀಲಕ್ಕೆ ಸೇರುತ್ತವೆ. ಬಟ್ಟಲಿನ ಗೋಡೆ ಇಮ್ಮಡಿಯಾದುದು. ಅಂಚಿನ ಸುತ್ತ ಸಣ್ಣ ರಂಧ್ರಗಳಿವೆ. ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಮೊದಲು ನಡುವೆ ಮಾತ್ರ ಉರಿ ಏಳುತ್ತದೆ. ಮದ್ಯಸಾರ ಸುಮಾರು 78 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವ ದ್ರವವಾದ್ದರಿಂದ, ಬಟ್ಟಲು ಬಿಸಿಯಾದೊಡನೆ ಗೋಡೆಗಳ ನಡುವಿನ ದ್ರವ ಆವಿಯಾಗಿ ರಂಧ್ರಗಳಿಂದ ಹೊರಬಂದು ಉಂಗುರದಂತೆ ಹತ್ತಿಕೊಳ್ಳುತ್ತದೆ. ಪಂಪಿಲ್ಲ, ಪಿನ್ನಿಲ್ಲ, ಕೆಡುವ ಭಾಗವಿಲ್ಲ. ಒಂದು ಅಪಾಯ ಮಾತ್ರ ಉಂಟು: ಹಗಲ ಬೆಳಕಿನಲ್ಲಿ ಈ ಉರಿ ಕಣ್ಣಿಗೆ ಕಾಣದು. ಆರಿತೆಂದು ಭ್ರಮಿಸಿ ಸೀಸೆಯಿಂದ ಮತ್ತೆ ಸುರಿಯಹೋದರೆ ಸೀಸೆಯೇ ಹೊತ್ತಿಕೊಳ್ಳಬಹುದು.

ಇದನ್ನು ನಾವು ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಕೊಂಡೊಯ್ದು, ಪಾಲಾರ್ ನದಿಯ ನೀರು ನಿಲ್ಲುವ, ಗಣಿಯ ಊರಿಗೆ ಕುಡಿಯುವ ನೀರೊದಗಿಸಿದ ಆ ಕೆರೆಯ ದಂಡೆಯಲ್ಲಿ ಹೊತ್ತಿಸಿದೆವು. ಅರ್ಧ ಲೀಟರು ನೀರು ಸುಮಾರು ಹತ್ತು ನಿಮಿಷದಲ್ಲಿ ಕುದಿಯಿತು. ಗಾಳಿ ಬೀಸುತ್ತಿದ್ದರೂ ಉರಿ ಕೆಡಲಿಲ್ಲ. ಪಾತ್ರೆಯ ತಳದಲ್ಲಿ ಹೇಳಿಕೊಳ್ಳುವಷ್ಟು ಮಸಿ ಇರಲಿಲ್ಲ. ಕಾಫಿಯಾಯಿತು, ಉಪ್ಪಿಟ್ಟೂ ಆಯಿತು. ತರುವಾಯ ಜೊತೆಯಲ್ಲಿದ್ದ ವಿದ್ಯಾರ್ಥಿಯೊಬ್ಬರು ರಾಗಿಯ ಹಿಟ್ಟನ್ನು ಹೊರತೆಗೆದರು. ಪರೀಕ್ಷೆ ಮುರಿದುಬಿದ್ದದ್ದು ಅಲ್ಲಿಯೇ. ಮುದ್ದೆಗೆ ಬೇಕಾದುದು ಕುದಿಯುವ ನೀರು ಮಾತ್ರವಲ್ಲ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ತೋಳಿನ ಬಲವೆಲ್ಲ ಹಾಕಿ ಕೋಲಿನಿಂದ ತೊಳಸಬೇಕು. ಸಿಪಾಯಿಯ ಹಗುರವಾದ ಪಾತ್ರೆ ಎರಡನೆಯ ಸುತ್ತಿಗೇ ಒಲೆಯ ಸಮೇತ ಪಕ್ಕಕ್ಕೆ ವಾಲಿತು. ಪುಣ್ಯಕ್ಕೆ ಉರಿ ಆಗಲೇ ಮುಗಿಯುತ್ತ ಬಂದಿತ್ತು. ಮೂರು ಕಲ್ಲು ಹೂಡಿ ಪುಳ್ಳೆ ಆಯ್ದು ಮುದ್ದೆಯನ್ನು ಮುಗಿಸಿದೆವು.

ಹಾಸ್ಯಕ್ಕೆ ಎಡೆಯಾದ ಈ ಪ್ರಸಂಗದಲ್ಲಿ ಚರಿತ್ರೆಯ ಒಂದು ಪ್ರಶ್ನೆ ಅಡಗಿದೆ. ಇಷ್ಟು ಸರಳವೂ ಅಗ್ಗವೂ ಆದ ಒಲೆ ದಂಡಿನಿಂದ ಜನರ ಕೈಗೆ ಏಕೆ ಇಳಿಯಲಿಲ್ಲ? ದಂಡಿನ ಸಂಪರ್ಕ ಈ ಸೀಮೆಗೆ ಇರಲಿಲ್ಲವೆನ್ನುವಂತಿಲ್ಲ. ಮೈಸೂರಿನ ಕಮಿಷನರ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ, ಬೆಂಗಳೂರಿನ ದಂಡುಪ್ರದೇಶವನ್ನು ಮದ್ರಾಸಿಗೆ ಜೋಡಿಸಿದ ರೈಲುದಾರಿಯ ಮೇಲಿದೆ. ಗಣಿಯ ಐರೋಪ್ಯರೂ ಆಂಗ್ಲೋ ಇಂಡಿಯನ್ನರೂ ಸೇರಿದ್ದ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ 1920ರ ಕಾಯಿದೆಯಿಂದ ಏರ್ಪಟ್ಟ ಸಹಾಯಕ ಸೇನೆಯ ಅಂಗವಾಗಿತ್ತು. ಮದ್ಯಸಾರದ ಬೆಂಕಿ ಬ್ರಿಟಿಷ್ ಸಿಪಾಯಿಗೂ ಹೊಸದಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅವನು ಬಳಸಿದ 'ಟಾಮಿ ಕುಕ್ಕರ್' ಗಟ್ಟಿಗೊಳಿಸಿದ ಮದ್ಯಸಾರದಿಂದ ಉರಿಯುತ್ತಿತ್ತು, ಅದರ ಕಾವು ಸಾಲದೆಂಬ ದೂರಿಗೂ ಗುರಿಯಾಗಿತ್ತು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ದಂಡಿನ ಹೆಚ್ಚುವರಿ ಸರಕು ದೇಶದ ಪೇಟೆಗಳಿಗೆ ಇಳಿಯಿತು. ಡೇರೆ, ಕಂಬಳಿ, ಬೂಟುಗಳು ಜನರ ದಿನಬಳಕೆಗೆ ಬಂದವು. ಸ್ಪಿರಿಟ್ ಒಲೆ ಮಾತ್ರ ಬರಲಿಲ್ಲ.

ಮುದ್ದೆಯನ್ನು ಕಾರಣವೆಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಗಣಿಯ ಕೂಲಿಗಾರರಲ್ಲಿ ಬಹುಪಾಲು ತಮಿಳರು, ಅನ್ನ ತೊಳಸಬೇಕಾದುದಲ್ಲ. ಕಾವಿನ ಕೊರತೆಯೂ ಪೂರ್ಣ ಉತ್ತರವಲ್ಲ. ಒಂದೇ ತೂಕದ ಸೀಮೆಎಣ್ಣೆ ಕೊಡುವ ಶಾಖದಲ್ಲಿ ಮದ್ಯಸಾರ ಕೊಡುವುದು ಸುಮಾರು ಮೂರರಲ್ಲಿ ಎರಡು ಪಾಲು, ನಿಜ. ಆದರೂ ಚಿಕ್ಕ ಸಂಸಾರಕ್ಕೆ, ಪ್ರಯಾಣಕ್ಕೆ, ಬಾಣಂತಿಯ ಕೋಣೆಗೆ ಅದು ಸಾಲದಿರಲು ಕಾರಣವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣವನ್ನು ಅಬಕಾರಿ ಇಲಾಖೆಯಲ್ಲಿ ಹುಡುಕಬೇಕು.

ಸೀಮೆಎಣ್ಣೆಯನ್ನು ಯಾರೂ ಕುಡಿಯರು. ಆದಕಾರಣ ಅದಕ್ಕೆ ಅಬಕಾರಿಯ ಕಾವಲು ಬೇಕಾಗಲಿಲ್ಲ. ಮದ್ಯಸಾರವಾದರೋ ಒಲೆಯಲ್ಲಿಯೂ ಉರಿಯುತ್ತದೆ, ಹೊಟ್ಟೆಯಲ್ಲಿಯೂ ಉರಿಯುತ್ತದೆ. ಕುಡಿಯುವ ಮದ್ಯಸಾರಕ್ಕೆ ಸುಂಕ ಹಾಕಿದ ಸರ್ಕಾರ ಉರಿಸುವುದನ್ನು ಹೇಗೆ ಬೇರೆಮಾಡಬೇಕು? ಇಂಗ್ಲೆಂಡು ಇದಕ್ಕೆ 1855ರಲ್ಲಿ ಕಂಡುಕೊಂಡ ಉಪಾಯವೆಂದರೆ ಕೆಡಿಸುವುದು: ಮರವನ್ನು ಭಟ್ಟಿಯಿಳಿಸಿ ಪಡೆದ ನಾಫ್ತಾವನ್ನು ಹತ್ತರಲ್ಲಿ ಒಂದು ಪಾಲು ಬೆರೆಸಿದ ಸ್ಪಿರಿಟಿಗೆ ಸುಂಕದಿಂದ ವಿನಾಯಿತಿ. ಮೆಥಿಲೇಟೆಡ್ ಸ್ಪಿರಿಟ್ ಎಂಬ ಹೆಸರು ಬಂದುದು ಹೀಗೆ. ಭಾರತದಲ್ಲಿ ಪಿರಿಡೀನ್ ಮೊದಲಾದ ದುರ್ವಾಸನೆಯ ದ್ರವ್ಯಗಳು ಬೆರೆತವು. ಅಬಕಾರಿಯು ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲೊಂದು. ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ ತೆಗೆಯಲು ತೊಡಗಿದ ಮೇಲೆ, ಹೊರದೇಶದಿಂದ ಬರಬೇಕಾದ ಸೀಮೆಎಣ್ಣೆಗೆ ಪ್ರತಿಯಾಗಿ ನಾಡಿನಲ್ಲಿಯೇ ಬೆಳೆದ ಒಂದು ಇಂಧನ ಕೈಗೆಟುಕಿತ್ತೆನ್ನಬಹುದು. ಇದನ್ನು ಪೆಟ್ರೋಲಿಗೆ ಬೆರೆಸುವ ಯೋಚನೆ 1948ರ ಭಾರತದ ಪವರ್ ಆಲ್ಕೊಹಾಲ್ ಕಾಯಿದೆಯವರೆಗೆ ಬೆಳೆಯಿತು. ಮೋಟಾರಿಗೆ ಸಿಕ್ಕ ಈ ಗೌರವ ಒಲೆಗೆ ಸಿಗಲಿಲ್ಲ. ಲೈಸೆನ್ಸಿನ ಅಂಗಡಿ, ಅಳತೆಯ ಸೀಸೆ, ದುರ್ವಾಸನೆ: ಇವುಗಳ ನಡುವೆ ಅಡುಗೆಮನೆಗೆ ಸ್ಪಿರಿಟ್ ಹೇಗೆ ಬಂದೀತು?

ಬಂದಿತು, ಆದರೆ ಊಳಿಗಕ್ಕೆ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಎಂಬ ಪಂಪು ಸ್ಟೌ ಸೀಮೆಎಣ್ಣೆಯನ್ನು ಆವಿಯಾಗಿಸಿ ಉರಿಸುತ್ತದೆ; ಅದು ಹೊತ್ತಬೇಕಾದರೆ ಮೊದಲು ತಲೆಯನ್ನು ಕಾಯಿಸಬೇಕು. ಅದಕ್ಕಾಗಿ ಬಟ್ಟಲಿಗೆ ಹನಿಸುವ ಒಂದೆರಡು ಚಮಚ ಸ್ಪಿರಿಟ್ಟೇ ನಮ್ಮ ಮನೆಗಳು ಕಂಡ ಸ್ಪಿರಿಟ್ ಬೆಂಕಿ. ಅದಕ್ಕೂ ಅನೇಕರು ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನೇ ಉರಿಸುತ್ತಿದ್ದರು. ಆ ಪಂಪು ಸ್ಟೌಗಳು ಸಿಡಿದು ಎಷ್ಟು ಹೆಂಗಸರ ಸೆರಗಿಗೆ ಬೆಂಕಿ ತಗುಲಿತೆಂಬುದನ್ನು ಹಿಂದಿನ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ಒತ್ತಡವೇ ಇಲ್ಲದ ದಂಡಿನ ಒಲೆ ಸಿಡಿಯುವಂಥದಲ್ಲ ಎಂಬುದನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ.

ಕೆಡಿಸುವ ಉಪಾಯದಿಂದ ಕುಡಿಯುವುದಾದರೂ ನಿಂತಿತೆ? ಬಣ್ಣ, ವಾಸನೆಗಳಲ್ಲಿ ಮೆಥಿಲ್ ಮದ್ಯಸಾರವನ್ನು ಕುಡಿಯುವ ಮದ್ಯಸಾರದಿಂದ ಬೇರ್ಪಡಿಸುವುದು ಸಾಮಾನ್ಯರಿಗೆ ಅಸಾಧ್ಯ; ಅದು ಶರೀರದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನೂ ಅನಂತರ ಪ್ರಾಣವನ್ನೂ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಇಂಥ ವಿಷಮದ್ಯದಿಂದ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿಯೂ ನೆರೆಯ ಕೃಷ್ಣಗಿರಿಯಲ್ಲಿಯೂ ನೂರಕ್ಕೂ ಮಿಕ್ಕಿ ಜನ ಹಾಗೆಯೇ ಮಡಿದರು. ಸತ್ತವರಲ್ಲಿ ಬಹುಮಂದಿ ದಿನಗೂಲಿಯವರು. ಕಾಯಿದೆ ಒಲೆಗೆ ಬಾಗಿಲು ಹಾಕಿತ್ತು. ಕಳ್ಳವ್ಯಾಪಾರಿಗೆ ಹಿತ್ತಿಲ ದಾರಿ ತಿಳಿದಿತ್ತು.

ಕೈಗಾರಿಕೆಯ ಮದ್ಯಸಾರದ ಮೇಲೆ ಅಧಿಕಾರ ಯಾರದೆಂಬ ವಿವಾದ ಸ್ವತಂತ್ರ ಭಾರತದಲ್ಲಿಯೂ ದಶಕಗಟ್ಟಲೆ ನಡೆಯಿತು. 1989ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠ ರಾಜ್ಯಗಳಿಗೆ ವಿರೋಧವಾಗಿ ತೀರ್ಪಿತ್ತಿತು. 2024ರ ಅಕ್ಟೋಬರಿನಲ್ಲಿ ಒಂಬತ್ತು ಮಂದಿಯ ಪೀಠ ಅದನ್ನು ತಳ್ಳಿಹಾಕಿ, ಅದನ್ನು ನಿಯಂತ್ರಿಸುವ ಅಧಿಕಾರ ರಾಜ್ಯಗಳಿಗೂ ಉಂಟೆಂದು ಬಹುಮತದಿಂದ ನಿರ್ಣಯಿಸಿತು.

ಬೇತಮಂಗಲದ ಪ್ರಯೋಗಕ್ಕೆ ಮುನ್ನ ನಾವು ಸ್ಪಿರಿಟ್ಟಿಗಾಗಿ ಬಂಗಾರಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆವು. ಮೊದಲಿನ ಎರಡರಲ್ಲಿ ಇಲ್ಲವೆಂದರು. ಮೂರನೆಯ ಅಂಗಡಿಯ ಹಿರಿಯರು, "ಯಾತಕ್ಕೆ ಸ್ವಾಮಿ?" ಎಂದು ಕೇಳಿದರು. ಒಲೆಗೆ ಎಂದೆವು. ಅವರು ನಮ್ಮನ್ನೂ ಜೊತೆಯ ಹುಡುಗರನ್ನೂ ಒಮ್ಮೆ ನೋಡಿ, ಒಲೆಯನ್ನು ತೋರಿಸಿರೆಂದರು; ಚೀಲದಿಂದ ತೆಗೆದು ತೋರಿಸಿದ ಮೇಲೆಯೇ ಸೀಸೆ ಹೊರಗೆ ಬಂದಿತು.