ಸೆಕೆಂಡ್ ಹ್ಯಾಂಡ್ ಕ್ಯಾಮೆರಾ: ಆಗ ಆಸ್ತಿ, ಆಮೇಲೆ ಗುಜರಿ, ಈಗ?

"ಅಣ್ಣಾ, ಮದುವೆ ಆರ್ಡರ್ ಹಿಡೀಬೇಕು ಅಂತಿದೀನಿ. ಹೊಸ ಕ್ಯಾಮೆರಾ ಕಂತಲ್ಲಿ ತಗೊಳ್ಲಾ, ಸೆಕೆಂಡ್ ಹ್ಯಾಂಡ್ ನೋಡ್ಲಾ?" ಊರಿನ ಹುಡುಗರು ನಮಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಇದು ತಪ್ಪುವುದೇ ಇಲ್ಲ. ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಇದೇ ಪ್ರಶ್ನೆಗೆ 1980ರಲ್ಲಿ ಇದ್ದ ಉತ್ತರ ಬೇರೆ, 2005ರಲ್ಲಿ ಇದ್ದದ್ದು ಬೇರೆ. ಅದು ಹೇಗೆ ಬದಲಾಯಿತು ಅಂತ ಗೊತ್ತಾದರೆ ಈಗಿನ ಉತ್ತರ ನಿಮಗೇ ಹೊಳೆಯುತ್ತದೆ.

ಹಿಂದೆ ನಮ್ಮ ದೇಶದಲ್ಲಿ ಈ ಪ್ರಶ್ನೆ ಹುಟ್ಟುವುದಕ್ಕೇ ಜಾಗ ಇರಲಿಲ್ಲ. 1956–57ರಲ್ಲಿ ವಿದೇಶಿ ವಿನಿಮಯ ಬರಿದಾಗತೊಡಗಿದಾಗ ಸರ್ಕಾರ ಆಮದನ್ನು ಬಿಗಿ ಮಾಡಿತು. ಜಪಾನ್, ಜರ್ಮನಿಯ ಕ್ಯಾಮೆರಾ ಅಂಗಡಿಗೆ ಹೋಗಿ ದುಡ್ಡು ಎಣಿಸಿ ತರುವ ಸಾಮಾನಾಗಿ ಉಳಿಯಲಿಲ್ಲ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಸಿಗುತ್ತಿತ್ತು, ನಿಜ. ಅದು ಮನೆಮಂದಿ ಫೋಟೊಗೆ ಸಾಕು, ಸ್ಟುಡಿಯೊ ನಡೆಸಲು ಸಾಲದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಿಂದ 'ಇಂದು' ಫಿಲ್ಮ್ ಕೊಡತೊಡಗಿತು. ಅಂದರೆ ಫಿಲ್ಮ್ ದೇಶಿ ಸಿಕ್ಕಿತು, ಅದನ್ನು ಹಾಕುವ ಒಳ್ಳೆಯ ಕ್ಯಾಮೆರಾ ಮಾತ್ರ ಪರದೇಶಿಯೇ.

ಹಾಗಾದರೆ ತಾಲೂಕಿನ ಸ್ಟುಡಿಯೊಗಳಿಗೆ ಕ್ಯಾಮೆರಾ ಬರುತ್ತಿದ್ದದ್ದು ಎಲ್ಲಿಂದ? ಗಲ್ಫ್‌ನಿಂದ ರಜೆಗೆ ಬಂದವರ ಲಗೇಜಿನಿಂದ, ಮದ್ರಾಸಿನ ಬರ್ಮಾ ಬಜಾರಿನಂಥ ಕಡೆಯಿಂದ, ಇಲ್ಲವೇ ವಯಸ್ಸಾಗಿ ಕೆಲಸ ಬಿಟ್ಟ ಇನ್ನೊಬ್ಬ ಫೋಟೊಗ್ರಾಫರ್ ಕೈಯಿಂದ. ಹೀಗೆ ಬಂದ 'ಹೊಸ' ಕ್ಯಾಮೆರಾಕ್ಕೂ ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಹೊಸದಕ್ಕೂ ಹಳೆಯದಕ್ಕೂ ಇದ್ದ ವ್ಯತ್ಯಾಸ ಅಂದರೆ ಡಬ್ಬದ ವಾಸನೆ ಅಷ್ಟೇ.

ಯಾಶಿಕಾ ಮ್ಯಾಟ್ 124ಜಿ ನೆನಪಿದೆಯಾ? ಒಂದರ ಮೇಲೊಂದು ಎರಡು ಲೆನ್ಸ್, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು, ಒಳಗೆ ಕಾಣುವ ಚಿತ್ರದಲ್ಲಿ ಎಡ ಬಲ ಅದಲು ಬದಲು. ಒಂದು ರೋಲಿಗೆ ಹನ್ನೆರಡೇ ಫೋಟೊ. 1970ರಿಂದ 1986ರವರೆಗೆ ತಯಾರಾದ ಈ ಕ್ಯಾಮೆರಾ ಎಷ್ಟೋ ಊರುಗಳ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ ಎಲ್ಲ ತೆಗೆದಿದೆ. ಬ್ಯಾಟರಿ ಬೇಕಾಗಿದ್ದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಅಂದಾಜಿನ ಮೇಲೆ ಕೆಲಸ ಸಾಗುತ್ತಿತ್ತು. ಒಳಗಿರುವುದೆಲ್ಲ ಹಲ್ಲುಚಕ್ರ, ಸ್ಪ್ರಿಂಗು. ಕೈ ಪಳಗಿದ ಮೆಕ್ಯಾನಿಕ್ ಇದ್ದರೆ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ವಾಪಸ್ ಕೊಡುತ್ತಿದ್ದ. ಅಪ್ಪ ಬಳಸಿದ್ದನ್ನು ಮಗ ಬಳಸಿದ. ಹತ್ತು ವರ್ಷ ದುಡಿಸಿ ಮಾರಿದರೂ ಒಳ್ಳೆಯ ಬೆಲೆ ಬರುತ್ತಿತ್ತು. ಕ್ಯಾಮೆರಾ ಆಗ ಹೊಲದ ಹಾಗೆ, ಕಷ್ಟಕ್ಕೆ ಅಡವಿಡಬಹುದಾದ ಆಸ್ತಿ.

ಆ ಕಾಲದಲ್ಲೂ ಬುದ್ಧಿವಂತರು ಬಾಡಿಗಿಂತ ಲೆನ್ಸ್ ನೋಡುತ್ತಿದ್ದರು. ನಿಕಾನ್ ಕಂಪನಿ 1959ರಲ್ಲಿ ನಿಕಾನ್ ಎಫ್ ತಂದಾಗ ಇಟ್ಟ ಲೆನ್ಸ್ ಕಚ್ಚನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ದಶಕಗಟ್ಟಲೆ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ಇಓಎಸ್ ಸರಣಿಗಾಗಿ ಕಚ್ಚನ್ನೇ ಬದಲಿಸಿತು. ಅಲ್ಲಿಯವರೆಗೆ ಕೊಂಡಿದ್ದ ಎಫ್‌ಡಿ ಲೆನ್ಸ್‌ಗಳು ಹೊಸ ಬಾಡಿಗೆ ಕೂರಲಿಲ್ಲ. ಸಾಲ ಮಾಡಿ ಲೆನ್ಸ್ ಸೇರಿಸಿದ್ದವರಿಗೆ ಎಷ್ಟು ಹೊಟ್ಟೆ ಉರಿದಿರಬೇಕು!

1991ರ ನಂತರ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. ಸಾಮಾನುಗಳ ಆಮದಿನ ಮೇಲೆ ಉಳಿದಿದ್ದ ಸಂಖ್ಯಾ ನಿರ್ಬಂಧಗಳನ್ನು ಸರ್ಕಾರ ತೆಗೆದದ್ದು 2001ರ ಏಪ್ರಿಲ್ 1ರಂದು. ಹೊಸ ಕ್ಯಾಮೆರಾ ಬಿಲ್ ಸಮೇತ ಕೈಗೆ ಎಟುಕುವ ಕಾಲ ಬಂತು ಅನ್ನುವಷ್ಟರಲ್ಲಿ ಡಿಜಿಟಲ್ ಬಂದು ಲೆಕ್ಕವನ್ನೇ ತಲೆಕೆಳಗು ಮಾಡಿತು.

1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕೆಯವರ ಕ್ಯಾಮೆರಾ. 2.7 ಮೆಗಾಪಿಕ್ಸೆಲ್, ಬೆಲೆ ಸುಮಾರು 5,000 ಡಾಲರ್. ನಾಲ್ಕೇ ವರ್ಷಕ್ಕೆ, 2003ರಲ್ಲಿ, ಕ್ಯಾನನ್ 300ಡಿ ಬಂತು. 6.3 ಮೆಗಾಪಿಕ್ಸೆಲ್, ಬೆಲೆ 1,000 ಡಾಲರಿಗೂ ಕಡಿಮೆ! ಡಿ1 ಕೆಟ್ಟಿರಲಿಲ್ಲ, ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದನ್ನು ಕೊಳ್ಳುವವರು ಯಾರು? 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಬಂದವು, ಸ್ಟಿಲ್ ಕ್ಯಾಮೆರಾದಲ್ಲೇ ವಿಡಿಯೊ ಸಿಕ್ಕಿತು. ಅದಿಲ್ಲದ ಬಾಡಿಗಳ ಬೆಲೆ ಮತ್ತೆ ಬಿತ್ತು. ಆ ಹತ್ತು ಹದಿನೈದು ವರ್ಷ ಹಳೆಯ ಡಿಜಿಟಲ್ ಬಾಡಿ ಅಂದರೆ ಬೆಳಗಿನ ಹಾಲು ಸಂಜೆಗೆ ಮಾರಿದ ಹಾಗೆ. ಸಾಧ್ಯ ಇದ್ದವರು ಹೊಸದನ್ನೇ ಕೊಳ್ಳಬೇಕಿತ್ತು, ಅದು ಸರಿಯಾಗಿಯೇ ಇತ್ತು. 'ಸೆಕೆಂಡ್ ಹ್ಯಾಂಡ್ ಅಂದ್ರೆ ಗುಜರಿ' ಅನ್ನುವ ಮಾತು ಊರುಗಳಲ್ಲಿ ನಿಂತದ್ದು ಆಗಲೇ.

ಆ ಮಾತು ಇನ್ನೂ ಓಡುತ್ತಿದೆ. ಕಾಲ ಮಾತ್ರ ದಾಟಿದೆ. 2012ರ ಹೊತ್ತಿಗೆ ಕ್ಯಾಮೆರಾಗಳು ಮದುವೆ ಆಲ್ಬಮ್ಮಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಡತೊಡಗಿದ್ದವು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಹೊಸ ಕಚ್ಚಿನ ಫುಲ್ ಫ್ರೇಮ್ ಮಿರರ್‌ಲೆಸ್ ತಂದವು, ಜನ ಆ ಕಡೆ ಹೊರಳಿದರು, ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಮಾರಾಟಕ್ಕೆ ಬಂದವು. ತಮಾಷೆ ನೋಡಿ: ಆ ವರ್ಷದ ಹೊಸ ನಿಕಾನ್ ಝಡ್6, ಕ್ಯಾನನ್ ಇಓಎಸ್ ಆರ್ ಎರಡರಲ್ಲೂ ಕಾರ್ಡ್ ಹಾಕಲು ಒಂದೇ ಜಾಗ. 2012ರ 5ಡಿ ಮಾರ್ಕ್ 3ರಲ್ಲಿ, 2014ರ ಡಿ750ಯಲ್ಲಿ ಎರಡೆರಡು. ಮುಹೂರ್ತದ ಫೋಟೊ ಇದ್ದ ಕಾರ್ಡ್ ಕೆಟ್ಟರೆ ಇನ್ನೊಮ್ಮೆ ತಾಳಿ ಕಟ್ಟಿಸಲು ಆಗುತ್ತದೆಯೇ?

ಆದ್ದರಿಂದ ಫೋಟೊ ಕೆಲಸಕ್ಕೆ ಇಳಿಯುವ ಹುಡುಗರಿಗೆ ನಾವು ಈಗ ಹೇಳುವುದು: ಎರಡು ಕಾರ್ಡಿನ ಹಳೆಯ ಬಾಡಿ ತೆಗೆದುಕೊಳ್ಳಿ, ಉಳಿದ ದುಡ್ಡು ಲೆನ್ಸಿಗೆ ಹಾಕಿ. ಕಂತು ಪ್ರತಿ ತಿಂಗಳು ಬರುತ್ತದೆ, ಮದುವೆ ಆಷಾಢದಲ್ಲಿ ಬರುವುದಿಲ್ಲ. ಆರ್ಡರ್ ಮುಖ್ಯವಾಗಿ ವಿಡಿಯೊದ್ದಾದರೆ ನಮ್ಮ ಮಾತು ಬೇರೆ. ಓಡಾಡುವ ಮುಖವನ್ನು ಬಿಡದೆ ಹಿಡಿಯುವುದರಲ್ಲಿ ಹೊಸ ಮಿರರ್‌ಲೆಸ್‌ಗಳು ಬಹಳ ಮುಂದಿವೆ, ಅಲ್ಲಿ ಹೊಸದಕ್ಕೆ ಕೊಟ್ಟ ದುಡ್ಡು ದುಡಿಯುತ್ತದೆ.

ಹಳೆಯದು ಕೊಳ್ಳುವವರು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಶಟರ್ ಲೆಕ್ಕ ನೋಡಬೇಕು. ಟ್ರ್ಯಾಕ್ಟರಿನ ಗಂಟೆ ಮೀಟರ್ ಇದ್ದ ಹಾಗೆ ಅದು. 5ಡಿ ಮಾರ್ಕ್ 3ರ ಶಟರನ್ನು 1,50,000 ಕ್ಲಿಕ್‌ಗೆ ಪರೀಕ್ಷಿಸಿದ್ದಾಗಿ ಕಂಪನಿ ಹೇಳಿದೆ. ಮದುವೆಗೆ 3,000 ಕ್ಲಿಕ್ ಅಂತ ಇಟ್ಟುಕೊಂಡರೆ ಐವತ್ತು ಮದುವೆ. ನಿಕಾನ್‌ನಲ್ಲಿ ಈ ಲೆಕ್ಕ ಫೋಟೊ ಫೈಲಿನೊಳಗೇ ಸಿಗುತ್ತದೆ, ಕ್ಯಾನನ್‌ಗೆ ಸಾಮಾನ್ಯವಾಗಿ ಬೇರೆ ಸಾಫ್ಟ್‌ವೇರ್ ಬೇಕು. ಮಾರುವವರು ಹೇಳಿದ ಬಾಯಿಲೆಕ್ಕ ನಂಬಬೇಡಿ.

ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿ. ಜೇಡರಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ತೇವದಲ್ಲಿ ಇಟ್ಟ ಲೆನ್ಸಾದರೆ ಎರಡು ಸಲ ನೋಡಿ. ಬಿಲ್ಲಿನ ಮೇಲಿನ ನಂಬರ್, ಬಾಡಿಯ ಅಡಿಯ ನಂಬರ್ ಒಂದೇ ಇರಬೇಕು, ಇಲ್ಲದಿದ್ದರೆ ಕದ್ದ ಮಾಲು ನಿಮ್ಮ ತಲೆಗೆ ಬಂದೀತು. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್ ಕೊಳ್ಳುವವರಿಗೆ ಇನ್ನೊಂದು ಮಾತು: ಮುಂದೆ ಮಿರರ್‌ಲೆಸ್‌ಗೆ ಹೋದರೆ ಕಂಪನಿಯ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಅದರ ಆಟೋಫೋಕಸ್ ನಡೆಯುವುದಿಲ್ಲ. ಕ್ಯಾನನ್‌ನ ಇಎಫ್ ಲೆನ್ಸ್‌ಗೆ ಆ ತೊಂದರೆ ಇಲ್ಲ.

ಹುಡುಕುವುದಿದ್ದರೆ ಆಷಾಢದಲ್ಲೇ ಹುಡುಕಿ. ಮದುವೆ ಇಲ್ಲದ ತಿಂಗಳಲ್ಲಿ ಮಾರುವವರಿಗೆ ಕೂತು ಮಾತಾಡಲು ಪುರುಸೊತ್ತಿರುತ್ತದೆ, ಕ್ಯಾಮೆರಾವನ್ನು ಎರಡು ದಿನ ನಿಮ್ಮ ಕೈಗೆ ಕೊಟ್ಟು ನೋಡಿ ಅನ್ನುವವರೂ ಸಿಗಬಹುದು.