ಅಟ್ಟ ಸೇರಿದ ಒನಕೆ

1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನಲ್ಲಿರುವ ನಮ್ಮಕ್ಕ ಫೋನು ಮಾಡಿ, “ಲೇ ತಮ್ಮಾ, ಅಪ್ಪ ಹೇಳ್ತಿದ್ದ ಕೋಡಿ ಬಿದ್ದೈತಂತೆ. ಕರ್ಕಂಡು ಹೋಗು, ಕಣ್ತುಂಬ ನೋಡ್ತೀನಿ” ಅಂದಳು. ಹೊಳಲ್ಕೆರೆಯಿಂದ ಹೋದೆ. ನೀರು ಕಾಣುವ ತನಕ ಚೆನ್ನಾಗಿಯೇ ನಡೆದಳು. ನೆಲಕ್ಕೆ ಟವೆಲ್ಲು ಹಾಸಿ ಕೂತು ಬುತ್ತಿ ಬಿಚ್ಚಿದೆವು. ಏಳುವ ಹೊತ್ತಿಗೆ ಅಕ್ಕನಿಂದ ಆಗಲಿಲ್ಲ. ಎರಡೂ ಕೈ ಊರಿದಳು, ಮಗ್ಗುಲಾದಳು, ಮಂಡಿ ಊರಿ ನೋಡಿದಳು. ಕೊನೆಗೆ ನಾನೂ ಯಾರೋ ಒಬ್ಬ ಹುಡುಗನೂ ಸೇರಿ ಕಂಕುಳಿಗೆ ಕೈ ಕೊಟ್ಟು ಎತ್ತಿದೆವು.

ಅವಳಿಗೆ ಆಗ 76. ಹುಡುಗಿಯಾಗಿದ್ದಾಗ ಕೋಳಿ ಕೂಗುವ ಹೊತ್ತಿಗೆ ರಾಗಿ ಬೀಸಿ, ನವಣೆ ಕುಟ್ಟಿ, ತಲೆಯ ಮೇಲೊಂದು, ಸೊಂಟಕ್ಕೊಂದು ಕೊಡ ಹೊತ್ತು ಬಾವಿಯಿಂದ ಬರುತ್ತಿದ್ದವಳು. ನಾನೋ, ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿದವನು. ಸಾವಿರಾರು ಮಕ್ಕಳಿಗೆ ಬಸ್ಕಿ ಹೊಡೆಸಿದ್ದೆ, ಮನೆಯ ಹಿರಿಯರಿಗೆ ಒಂದನ್ನೂ ಹೇಳಿಕೊಟ್ಟಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅದೇ ಕೊರೆಯಿತು.

ಸಾಮು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಅಭ್ಯಾಸದ ವಿವರಗಳಿವೆ. ಭಾರ ಎತ್ತುವುದು, ಬೆಳಿಗ್ಗೆ ತಿರುಗಾಡುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಕಸರತ್ತು, ತೋಳಿಗೆ ತೋಳು ಕೊಟ್ಟು ನೂಕುವುದು. ಈಗಿನ ತರಬೇತಿದಾರರು ಹೇಳುವ ಬಲ, ದಮ್ಮು, ಸಮತೋಲ ಮೂರೂ ಅದರಲ್ಲಿವೆ. ಆದರೆ ಅದು ಅರಮನೆಯ ಅನ್ನ ತಿನ್ನುವ ಜಟ್ಟಿಗಳ ಮಾತು. ನಮ್ಮ ಕಡೆಯ ಗರಡಿಯೂ ಹೆಚ್ಚುಕಡಿಮೆ ಹಾಗೇ. ಒಳಗೆ ಹನುಮಂತ, ಎಣ್ಣೆ ಅರಿಶಿನ ಕಲಸಿದ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆ, ಕೈಯಲ್ಲಿ ಹಿಡಿದು ತಿರುಗಿಸುವ ಕರಲಾಕಟ್ಟೆ, ಮೂಲೆಯಲ್ಲಿ ಗುಂಡುಕಲ್ಲು. ಮೀಸೆ ಚಿಗುರಿದವನು ಒಳಗೆ ಬರುತ್ತಿದ್ದ, ಮದುವೆಯಾಗಿ ಮಕ್ಕಳಾದ ಮೇಲೆ ಜಾರಿಕೊಳ್ಳುತ್ತಿದ್ದ. ವಯಸ್ಸಾದ ಮೇಲೂ ಉಳಿದವನು ಉಸ್ತಾದ ಒಬ್ಬನೇ. ಹೆಂಗಸರಿಗೆ ಹೊಸಿಲು ದಾಟಲೂ ಅವಕಾಶವಿರಲಿಲ್ಲ.

ಅವರ ಗರಡಿ ಮನೆಯೊಳಗೇ ಇತ್ತು. ನಾವು ಚಿತ್ರದುರ್ಗದವರು ಓಬವ್ವನ ಕತೆ ಹೇಳುವಾಗ ಅವಳ ಧೈರ್ಯ ಹೊಗಳಿ ಮುಗಿಸುತ್ತೇವೆ. ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ನುಸುಳುವಾಗ ಅವಳ ಕೈಗೆ ಸಿಕ್ಕಿದ್ದು ಒನಕೆ. ಒಂದು ಏಟಿಗೆ ಒಬ್ಬನಂತೆ ಕೆಡವುತ್ತ ಹೋಗಲು ಧೈರ್ಯ ಒಂದೇ ಸಾಲದು. ದಿನಾ ಕುಟ್ಟಿ ಹದಗೊಂಡ ರಟ್ಟೆ, ಬೆನ್ನು, ತೊಡೆ ಬೇಕು. ಪಿ.ಟಿ. ಮೇಷ್ಟ್ರಾದ ನನಗೆ ಆ ಕತೆಯಲ್ಲಿ ಮೊದಲು ಕಾಣುವುದು ಅದೇ.

ಗರಡಿಯ ವಿದ್ಯೆಯನ್ನು ನಾಲ್ಕು ಗೋಡೆಯಿಂದ ಬಯಲಿಗೆ ತಂದವರು ನಮ್ಮ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಬರೋಡದಲ್ಲಿ ಪ್ರೊ. ಮಾಣಿಕರಾವ್ ಅವರ ಬಳಿ ವ್ಯಾಯಾಮ, ಮಲ್ಲವಿದ್ಯೆ ಕಲಿತವರು. ಊರೂರು ತಿರುಗಿ ಶಿಬಿರ ನಡೆಸುತ್ತ ಬಂದು ಮಲ್ಲಾಡಿಹಳ್ಳಿಯಲ್ಲಿ ನೆಲೆ ನಿಂತರು. 1943ರಲ್ಲಿ ಅನಾಥ ಸೇವಾಶ್ರಮ ಹುಟ್ಟಿತು. ಆಮೇಲೆ ಶಾಲೆಗಳು, ಆಯುರ್ವೇದ ಚಿಕಿತ್ಸೆ, ಕಾಲೇಜು. ಎಲ್ಲಕ್ಕೂ ಜೋಳಿಗೆ ಹಿಡಿದು ಹಣ ಕೂಡಿಸಿದರು. ತಿರುಕ ಎಂಬ ಹೆಸರಿನಲ್ಲೇ ಬರೆದರು, ಆತ್ಮಕತೆಗೆ ‘ಜೋಳಿಗೆಯ ಪವಾಡ’ ಎಂದು ಹೆಸರಿಟ್ಟರು. ಹಳಬರ ಬಾಯಲ್ಲಿ ಮಾತ್ರ ಅವರು ಸ್ವಾಮೀಜಿಗಿಂತ ಮೊದಲು ‘ವ್ಯಾಯಾಮ ಮೇಷ್ಟ್ರು’.

ಹೈಸ್ಕೂಲಿನಲ್ಲಿದ್ದಾಗ ಅಲ್ಲಿನ ಶಿಬಿರಕ್ಕೆ ನಾನೂ ಹೋಗಿದ್ದೆ. ಕತ್ತಲಿರುವಾಗಲೇ ಗಂಟೆ. ಸಾಲು ನಿಂತರೆ ಪಕ್ಕದಲ್ಲಿ ನನ್ನ ವಾರಿಗೆಯ ಹುಡುಗ, ಅವನ ಪಕ್ಕ ನನ್ನಪ್ಪನ ವಯಸ್ಸಿನ ರೈತ. ಎಣಿಕೆಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಬಗ್ಗಬೇಕು, ಒಟ್ಟಿಗೆ ಏಳಬೇಕು. ಆ ರೈತ ನನಗಿಂತ ನಿಧಾನವಾಗಿ ಬಗ್ಗುತ್ತಿದ್ದ, ಆದರೆ ಒಂದು ಎಣಿಕೆಯನ್ನೂ ಬಿಡುತ್ತಿರಲಿಲ್ಲ. ನಾನು ಪಿ.ಟಿ. ಮೇಷ್ಟ್ರಾಗುವ ಆಸೆ ಹುಟ್ಟಿದ್ದು ಆ ಸಾಲಿನಲ್ಲಿ. ಅಲ್ಲಿ ಕಲಿತ ಇನ್ನೊಂದು ಪಾಠ, ವಯಸ್ಸಿಗೆ ಬೇರೆ ಸಾಲು ಬೇಡ ಅನ್ನುವುದು, ಯಾಕೋ ನೌಕರಿಗೆ ಸೇರುತ್ತಲೇ ಮರೆತೆ.

ಅಷ್ಟರಲ್ಲಿ ಊರಿಗೆ ಗಿರಣಿ ಬಂತು, ಬೀಸುಕಲ್ಲು ಹಿತ್ತಿಲು ಸೇರಿತು. ನಲ್ಲಿ ಬಂತು, ಕೊಡ ಹೊರುವುದು ತಪ್ಪಿತು. ಮಿಕ್ಸಿ ಬಂತು. ಒನಕೆ ಅಟ್ಟಕ್ಕೆ ಹೋಯಿತು. ಈ ಬದಲಾವಣೆ ಬೇಡವಾಗಿತ್ತು ಎನ್ನಲು ನನಗೆ ಬಾಯಿಲ್ಲ. ಬೀಸಿ ಬೀಸಿ ಬೊಬ್ಬೆ ಬಂದ ಅವ್ವನ ಅಂಗೈ ನೋಡಿದ್ದೇನೆ. ದುಡಿಮೆಯ ಜೊತೆ ರಟ್ಟೆಯ ಬಲವೂ ಹೋಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರು ಸಿಕ್ಕಿದ್ದೇ 1989ರಲ್ಲಿ. ಮರುವರ್ಷ ಅಮೆರಿಕದ ಬೋಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನೆ ಎಂಬ ವೈದ್ಯೆ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು. ವೃದ್ಧಾಶ್ರಮದ 10 ಮಂದಿಯನ್ನು, ಸರಾಸರಿ 90 ವಯಸ್ಸಿನವರನ್ನು, ಆರಿಸಿ ಕಾಲಿಂದ ಭಾರ ಎತ್ತಿಸಿದ್ದರು. ಎಂಟು ವಾರ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಆ ಹೊತ್ತಿಗೆ ನಮ್ಮ ವ್ಯಾಯಾಮ ಮೇಷ್ಟ್ರಿಗೂ ನೂರರ ಆಸುಪಾಸು. 1996ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನ ಬಲ ಮತ್ತು ಸಮತೋಲ ಸೇರಿದ ಅಭ್ಯಾಸ ಬೇಕೆಂದು ಹೇಳಿತು. ವಾಕಿಂಗ್ ಒಂದೇ ಸಾಕು ಅಂತ ಕೋಟೆ ಹತ್ತಿ ಇಳಿಯುವ ನನ್ನ ದುರ್ಗದ ಗೆಳೆಯರು ಇದನ್ನು ಇನ್ನೂ ನಂಬಿಲ್ಲ.

ಮಾರಿಕಣಿವೆಯಿಂದ ಬಂದ ತಿಂಗಳೇ ನಮ್ಮ ಬೀದಿಯ ದೇವಸ್ಥಾನದ ಅಂಗಳದಲ್ಲಿ ಶುರು ಮಾಡಿದೆ. ಮೊದಲ ದಿನ ನಾಲ್ಕು ಜನ, ಈಗ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಬಿ.ಪಿ., ಮಂಡಿ ನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ ಬರಬೇಕು. ನಾನು ಮಾಡಿಸುವುದೆಲ್ಲ ಗರಡಿಯದೇ, ಹದ ಮಾತ್ರ ಬೇರೆ. ಬೈಠಕ್ಕಿನ ಬದಲು ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ದಂಡಕ್ಕೆ ನೆಲದ ಬದಲು ಗೋಡೆ. ಕರಲಾಕಟ್ಟೆಯ ಬದಲು ನೀರು ತುಂಬಿದ ಒಂದು ಲೀಟರ್ ಬಾಟಲಿ. ಕಂಬ ಹಿಡಿದು ತುದಿಗಾಲಲ್ಲಿ ನಿಲ್ಲುವುದು. ಹೊಸದುರ್ಗದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ, “ಇದೇನು ಮೇಷ್ಟ್ರೇ, ಕೂತು ಏಳೋದಕ್ಕೂ ಶಾಲೆನಾ?” ಅಂದರು. ಹದಿನೈದು ದಿನ ತಪ್ಪದೆ ಬಂದರು.

ಅಕ್ಕನಿಗೆ ಫೋನಿನಲ್ಲೇ ಪಾಠ. ಮೊನ್ನೆ ಹಿರಿಯೂರಿಗೆ ಹೋದಾಗ ಚಾಪೆಯ ಮೇಲಿಂದ ಒಂದೇ ಕೈ ಊರಿ ಎದ್ದು ತೋರಿಸಿದಳು. ಹುರುಪಿನಲ್ಲಿ ನಾನು, “ಅಕ್ಕಾ, ಅವ್ವನ ಒನಕೆ ಇನ್ನೂ ಐತಾ? ನಮ್ಮ ಅಂಗಳದಾಗೆ ಇಡ್ತೀನಿ ಕೊಡು” ಅಂದೆ.

“ಅಟ್ಟದ ಮ್ಯಾಲೈತೆ. ಏಣಿ ಹಿತ್ತಿಲಾಗೈತೆ. ಹತ್ತೋಕೆ ಆಗ್ತೈತೇನೋ ನಿನ್ ಕೈಲಿ?”

ನನಗೂ 70 ತುಂಬಿದೆ. ಹತ್ತಿದೆ. ಏಣಿಯ ಬುಡ ಹಿಡಿದು ನಿಂತವಳು ಅಕ್ಕ.